ಅಮ್ಮನಿಗೊಂದು ನೆಲಮಾಳಿಗೆ

“ಅದು ಆಗ್ಲಿಕ್ಕಿಲ್ಲ ಸುಮತಿ. ಸುಮ್ಮನೆ ಸೊಂಟ ಮುರ್ಕೊಳ್ತೀರಿ ಅಷ್ಟೆ” ಎಂದು ಮೊಟ್ಟಮೊದಲು ಹೇಳಿದವರು ವಿಠಲ ಭಾವ.

ಅವರು ನನ್ನ ಗಂಡ ದಿವಾಕರ್ ಅವರ ಅಣ್ಣ. ಸಿಡ್ನಿಯ ಲಿವರ್‌ಪೂಲಿನಲ್ಲಿ ಮನೆ, ಚಾಟ್ಸ್‌ವುಡ್ಡಿನಲ್ಲಿ ಆಫೀಸು. ನಡುವಿನ ರೈಲು ಪ್ರಯಾಣ ಬಹಳ ಉದ್ದದ್ದು. ಮೊಬೈಲು ಕೈಗೆ ಬಂದಂದಿನಿಂದ ಆ ಹೊತ್ತನ್ನೆಲ್ಲ ಅವರು ಬಂಧುಬಳಗಕ್ಕೆ ಸಲಹೆ ಕೊಡುವುದಕ್ಕೆ ಮೀಸಲಿಟ್ಟಿದ್ದರು. ರೈಲು ಸುರಂಗಕ್ಕೆ ಹೊಕ್ಕು ಫೋನು ಕಡಿದುಹೋದಾಗ ಮೆಲ್ಬರ್ನಿನಲ್ಲಿ ನಾವು ಒಂದು ಗುಟುಕು ಚಹಾ ಕುಡಿದುಕೊಳ್ಳುತ್ತಿದ್ದೆವು. ಹೊರಗೆ ಬಂದ ಕೂಡಲೇ ಸಲಹೆ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಒಳ್ಳೆಯ ಮನುಷ್ಯರು. ಆದರೆ ಒಳ್ಳೆಯ ಮನುಷ್ಯರು ದಿನಾಲೂ ಫೋನು ಮಾಡಿದರೆ ಏನಾಗುತ್ತದೆಂಬುದು ನಿಮಗೂ ಗೊತ್ತಿರಬಹುದು.

ಒಮ್ಮೆ ನಮ್ಮಲ್ಲಿಗೆ ಬಂದಾಗ ನಮ್ಮ ಮನೆಯ ಕೆಳಗಿನ ಟೊಳ್ಳನ್ನು ಅವರು ಬಗ್ಗಿ ನೋಡಿದ್ದರು, ಏಳುವಾಗ ತೊಲೆಗೆ ಹಣೆ ಬಡಿಸಿಕೊಂಡಿದ್ದರು. ಆ ಹಣೆಯನ್ನು ಉಜ್ಜಿಕೊಳ್ಳುತ್ತಲೇ ತೀರ್ಪು ಕೊಟ್ಟರು: “ಇಲ್ಲಿ ಲಾನ್ ಮೋವರ್ ಇಡಿ. ಹಳೆ ಟಿವಿ ಇಡಿ. ನಿನ್ನ ಅಮ್ಮನನ್ನು ಇಡ್ಲಿಕ್ಕೆ ಇದು ಜಾಗ ಅಲ್ಲ ಮಾರಾಯ್ತಿ.”

ಟೊಳ್ಳು ಬಂದದ್ದು ಹೇಗೆಂದು ಹೇಳಬೇಕು. ನಮ್ಮ ಪರಿಚಯದವರೆಲ್ಲ ಆಗ ಮೆಲ್ಬರ್ನಿನ ಪಶ್ಚಿಮಕ್ಕೆ, ಟಾರ್ನೀಟ್ ಕಡೆಯ ಬಯಲಿನಲ್ಲಿ, ಅಂಗೈಯಷ್ಟು ಸಪಾಟಾದ ಸೈಟು ಹಿಡಿದು ಹೊಸ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಸಮುದ್ರಕ್ಕೂ ಗದ್ದೆಗೂ ನಡುವೆ ತಂಬಿಗೆ ಉರುಳಿಸಿದರೂ ಉರುಳದಂಥ ಸಮನೆಲದಲ್ಲಿ. ಜೀವನದಲ್ಲಿ ಒಮ್ಮೆಯಾದರೂ ಎತ್ತರದಲ್ಲಿ ವಾಸ ಮಾಡಬೇಕೆಂಬ ಆಸೆ. ಹಾಗಾಗಿ ಪೂರ್ವದ ಬೆಟ್ಟದ ಬುಡಕ್ಕೆ, ಫರ್ನ್‌ಟ್ರೀ ಗಲ್ಲಿಗೆ ಹೋದೆವು. ಅಲ್ಲಿ ಮನೆಗಳು ಇಳಿಜಾರಿಗೆ ಆತುಕೊಂಡು ನಿಂತಿವೆ. ಮುಂದಿನ ಬಾಗಿಲು ರಸ್ತೆಯ ಮಟ್ಟದಲ್ಲಿ, ಹಿಂದಿನ ಕಿಟಕಿ ಮರದ ತುದಿಯ ಮಟ್ಟದಲ್ಲಿ. ಹಿಂಭಾಗದ ಕೆಳಗೆ ಉಳಿಯುವ ಜಾಗಕ್ಕೆ ಈ ದೇಶದವರು ಸರಿಯಾದ ಹೆಸರನ್ನೂ ಇಟ್ಟಿಲ್ಲ. ‘ಮನೆಯ ಅಡಿ’ ಎನ್ನುತ್ತಾರೆ, ಅಷ್ಟೆ. ಮೂರು ಕಡೆ ಗೋಡೆ, ಹಿಂದೆ ಗುಡ್ಡ, ಕೆಳಗೆ ಮಣ್ಣು, ಹಿತ್ತಿಲ ಕಡೆಗೆ ಒಂದು ಹಲಗೆಯ ಬಾಗಿಲು.

ಕನ್ನಡದಲ್ಲಿ ನೆಲಮಾಳಿಗೆ ಎಂಬ ಸೊಗಸಾದ ಮಾತಿದೆ. ಆದರೆ ನಮ್ಮ ಕಥೆಗಳ ನೆಲಮಾಳಿಗೆಯಲ್ಲಿ ಯಾರಾದರೂ ನೆಮ್ಮದಿಯಾಗಿ ನಿದ್ದೆ ಮಾಡಿದ್ದನ್ನು ಕೇಳಿದ್ದೀರಾ? ಅಲ್ಲಿ ಕೊಪ್ಪರಿಗೆ ಇರುತ್ತದೆ, ಅದರ ಮೇಲೆ ಹಾವು ಇರುತ್ತದೆ. ಇಲ್ಲವೇ ಅರಸನ ಸೆರೆಯಾಳು ಇರುತ್ತಾನೆ. ಕರಾವಳಿಯವರಿಗಂತೂ ಅದೊಂದು ಬರೀ ಪುಸ್ತಕದ ಪದ. ನಮ್ಮಲ್ಲಿ ಎರಡು ಮೊಳ ಅಗೆದರೆ ಬಾವಿಯಾಗುತ್ತದೆ. ಬೇಕಾದ್ದನ್ನೆಲ್ಲ ನಾವು ಮೇಲಕ್ಕೆ ಏರಿಸುತ್ತೇವೆ, ಅಟ್ಟಕ್ಕೆ, ಉಪ್ಪರಿಗೆಗೆ. ಕೆಳಗೆ ಹೋಗುವುದು ನೀರಿನ ಕೆಲಸ. ಅಂಥ ಕುಲದಲ್ಲಿ ಹುಟ್ಟಿದವಳು ನಾನು ನೆಲದಡಿ ಅಗೆಯಲು ಹೊರಟೆ.

ಕಾರಣ ಅಮ್ಮ. ವೀಸಾ ಆಗಿ ಅವಳು ನಮ್ಮ ಜೊತೆಗಿರಲೆಂದೇ ಬಂದಿದ್ದಳು. ನಮ್ಮದು ಅಳಿಯಸಂತಾನದ ಕಡೆ. ಮಗಳ ಮನೆಯಲ್ಲಿ ತಾಯಿ ಇರುವುದಕ್ಕೆ ನಾಚಿಕೆಯೂ ಇಲ್ಲ, ವಿವರಣೆಯೂ ಬೇಡ. ಜಾಗ ಮಾತ್ರ ಇರಲಿಲ್ಲ. ಮೇಲೆ ಎರಡೇ ಮಲಗುವ ಕೋಣೆ, ಒಂದು ನಮ್ಮದು, ಇನ್ನೊಂದು ಮಗಳು ನಿಶಾಳದು. ಅಮ್ಮ ಹಾಲಿನ ಸೋಫಾದಲ್ಲಿ ಮಲಗುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ಹಾಲನ್ನು ದಾಟಿಯೇ ಹೋಗಬೇಕು. ನಿಶಾಳ ಟಿವಿ ಅಲ್ಲಿ, ದಿವಾಕರ್ ಅವರ ಕ್ರಿಕೆಟ್ಟು ಅಲ್ಲಿ, ಬಂದವರು ಕೂರುವುದು ಅಲ್ಲಿ. ಅಮ್ಮ ಎಲ್ಲರೂ ಅಲ್ಲಿಂದ ಎದ್ದುಹೋದ ಮೇಲೆ ಮಲಗಬೇಕು, ಎಲ್ಲರಿಗಿಂತ ಮೊದಲು ಏಳಬೇಕು. ಬೇಸಗೆ ಮುಗಿಯುತ್ತ ಬಂದಾಗ ಒಂದು ದಿನ ಹೊದಿಕೆ ಮಡಚುತ್ತ ಹೇಳಿದಳು.

“ಮಗಾ, ಇದು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಹಾಗೆ ಆಗ್ತದೆ. ನಿಮ್ಮ ತಪ್ಪಲ್ಲ. ಈ ಚಳಿಗಾಲ ನೋಡ್ತೇನೆ. ಆಮೇಲೆ ನಾನು ಊರಿಗೆ ಹೋಗಿ ತಂಗಿಯ ಜೊತೆ ಇರ್ತೇನೆ.”

ಅಮ್ಮ ಬೆದರಿಸುವವಳಲ್ಲ. ಹೋಗುತ್ತೇನೆ ಎಂದರೆ ಹೋಗುವವಳು. ನನ್ನ ಅಪ್ಪ ಹೋದ ಮೇಲೆ ಅವಳು ಇದ್ದದ್ದು ಸೋದರಮಾವನ ಮನೆಯ ಜಗಲಿಯಲ್ಲಿ. ಹಗಲು ಅಲ್ಲೇ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವುದು, ರಾತ್ರಿ ಅಲ್ಲೇ ಚಾಪೆ ಬಿಡಿಸುವುದು. ಬೀಡಿಯ ಎಲೆ ಕತ್ತರಿಸುವ ಸದ್ದಿನ ಪಕ್ಕದಲ್ಲಿ ನಾನು ಓದಿದೆ. ‘ಬೀಡಿ ಕಟ್ಟುವವಳ ಮಗಳಿಗೆ ಸಯನ್ಸ್ ಎಂತಕ್ಕೆ’ ಎಂದು ಆಗಲೂ ಹೇಳಿದವರಿದ್ದರು. ನಾನು ಬಿ.ಎಸ್ಸಿ. ಮಾಡಿದೆ, ನಮ್ಮ ಕುಟುಂಬದಲ್ಲಿ ಮೊದಲು. ಇಲ್ಲಿಗೆ ಬಂದಾಗ ಆ ಪದವಿ ಇಲ್ಲಿಯ ಲೆಕ್ಕಕ್ಕೆ ಅರ್ಧ ಎಂದರು. ಮಗುವನ್ನು ಎತ್ತಿಕೊಂಡೇ ಇನ್ನೊಮ್ಮೆ ಓದಿ, ಪರೀಕ್ಷೆ ಬರೆದು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ದೌರ್ಬಲ್ಯವೂ ಇದರಲ್ಲೇ ಇದೆ. ಯಾರಾದರೂ ‘ಆಗ್ಲಿಕ್ಕಿಲ್ಲ’ ಎಂದರೆ ನನ್ನ ಕಿವಿಗೆ ಅದು ಹಾಲ್ ಟಿಕೆಟ್ಟಿನ ಹಾಗೆ ಕೇಳುತ್ತದೆ.

ಭಾವ ಆ ಮಾತನ್ನು ಹೇಳದಿದ್ದರೆ ನಾವು ಆ ಟೊಳ್ಳಿನಲ್ಲಿ ಲಾನ್ ಮೋವರನ್ನೇ ಇಡುತ್ತಿದ್ದೆವೋ ಏನೋ.

ಈ ದೇಶದಲ್ಲಿ ಮನೆಯವರು ತಮ್ಮ ಮನೆಯ ಅಡಿಗೆ ಇಳಿದು ಮಲಗಬೇಕಾದರೂ ಪರ್ಮಿಟ್ ಬೇಕು. ಅದಕ್ಕೊಬ್ಬ ಸರ್ವೇಯರ್. ನಮ್ಮ ಸರ್ವೇಯರ್ ನಿಕ್ ಎಂಬ ಎತ್ತರದ ಮನುಷ್ಯ. ಮೊದಲ ದಿನ ಬಂದು ಬಗ್ಗಿಕೊಂಡೇ ಒಂದು ಸುತ್ತು ಹಾಕಿ ಎರಡು ಮಾತು ಹೇಳಿದ. ಒಂದು, ತಾನು ನೆಟ್ಟಗೆ ನಿಲ್ಲುವಷ್ಟು ಎತ್ತರ ಬೇಕು. ಎರಡು, ಒಣಗಿರಬೇಕು. ಈ ಎರಡಾದರೆ ಇದು ವಾಸದ ಕೋಣೆ ಎಂದು ಸರ್ಟಿಫಿಕೇಟ್ ಕೊಡುತ್ತೇನೆ, ಇಲ್ಲವಾದರೆ ಇಲ್ಲಿ ಯಾರೂ ಮಲಗುವಂತಿಲ್ಲ.

ಸರ್ಟಿಫಿಕೇಟ್ ಎಂಬ ಮಾತು ಕೇಳಿ ನನ್ನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ನನ್ನಂಥವರು ಬೆಳೆಯುವುದೇ ಸರ್ಟಿಫಿಕೇಟುಗಳ ಮೆಟ್ಟಿಲು ಹತ್ತಿಕೊಂಡು. ಜಾತಿಯದ್ದು, ಆದಾಯದ್ದು, ನಡತೆಯದ್ದು. ನಾನು ಬದುಕಿದ್ದೇನೆ ಎಂಬುದಕ್ಕೂ ಹಸಿರು ಶಾಯಿಯ ಸಹಿ ಬೇಕಾಗುತ್ತಿತ್ತು. ಓದಿದ ಮನೆತನದವರಿಗೆ ಅದು ಕಾಗದ. ನಮಗೆ ಅದು ನಾವು ಹೇಳಿದ್ದು ಸುಳ್ಳಲ್ಲ ಎನ್ನುವ ಸಾಕ್ಷಿ. ಹಾಗಾಗಿ ಒಂದು ಕೋಣೆಯೂ ಪರೀಕ್ಷೆಗೆ ಕೂರಬೇಕೆಂದರೆ ನನಗೆ ವಿಚಿತ್ರವೆನಿಸಲಿಲ್ಲ. ಪಾಪ, ಅದೂ ನನ್ನ ಹಾಗೆ ತಳದಿಂದ ಬಂದದ್ದು ಎನಿಸಿತು.

ಎತ್ತರ ಬೇಕೆಂದರೆ ತಲೆಯ ಮೇಲಿನ ಮಾಡನ್ನು ಎತ್ತಲಾಗದು, ನೆಲವನ್ನು ಇಳಿಸಬೇಕು. ಮಾರ್ಚಿನಿಂದ ಮೇ ತನಕ, ಈ ದೇಶದ ಒಂದಿಡೀ ಶರತ್ಕಾಲ, ನಾವು ಅಗೆದೆವು. ಬೆಟ್ಟದ ಬುಡದ ಅಂಟುಮಣ್ಣು ಒಣಗಿದ್ದಾಗ ಕಲ್ಲು, ನೆನೆದಾಗ ಹಲಸಿನ ಮೇಣ. ದಿವಾಕರ್ ಪಿಕ್ಕಾಸಿಯಿಂದ ಕೆಡವುವುದು, ನಾನು ಕೈಗಾಡಿಯಲ್ಲಿ ತುಂಬಿ ಹಿತ್ತಿಲಿಗೆ ನೂಕುವುದು. ಶನಿವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಹೊರಗೆ ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿ ಮಾರುವ ಗದ್ದಲ, ಒಳಗೆ ನಮ್ಮಂಥದೇ ಗಂಡ-ಹೆಂಡಿರ ಮೆರವಣಿಗೆ. ಎಲ್ಲರ ಮುಖದಲ್ಲೂ ಒಂದೇ ಬಗೆಯ ಆಯಾಸ. ಗದ್ದೆ ಕೆಲಸದ ಆಯಾಸ ನನಗೆ ಗೊತ್ತು. ಅದು ಊಟ ಮಾಡಿ ಮಲಗಿದರೆ ಹೋಗುತ್ತದೆ. ಇದು ಬೇರೆ ಜಾತಿಯದ್ದು. ಐದು ದಿನ ಕುರ್ಚಿಯಲ್ಲಿ ಕೂತವರು ಎರಡು ದಿನ ಕೂಲಿ ಮಾಡಿ, ಮತ್ತೆ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುವ ಆಯಾಸ. ಲ್ಯಾಬಿನಲ್ಲಿ ಗ್ಲೌಸು ತೊಡುವಾಗ ಅಂಗೈಯ ಗುಳ್ಳೆಗಳು ಉರಿಯುತ್ತಿದ್ದವು. ದಿವಾಕರ್ ಒಂದು ಭಾನುವಾರ ಕೈಗಾಡಿಯ ಮೇಲೇ ಕೂತು ಕೇಳಿದರು.

“ನಾವು ಟಾರ್ನೀಟಿಗೆ ಯಾಕೆ ಹೋಗ್ಲಿಲ್ಲ ಅಂತ ಒಮ್ಮೆ ನೆನಪು ಮಾಡು ಮಾರಾಯ್ತಿ.”

“ನನಗೆ ಎತ್ತರದಲ್ಲಿ ಇರ್ಬೇಕಿತ್ತು.”

“ಹೌದು. ಈಗ ಹೊಂಡದಲ್ಲಿದ್ದೇವೆ.”

ಹೇಗೋ ಎತ್ತರವಾಯಿತು. ಕಾಂಕ್ರೀಟು ಬಿತ್ತು, ಕಿಟಕಿ ಕೂತಿತು, ಮೂರು ಕಡೆ ಹಲಗೆ ಬಡಿದು ಬಿಳಿ ಬಣ್ಣವಾಯಿತು. ಗುಡ್ಡಕ್ಕೆ ಆತುಕೊಂಡ ನಾಲ್ಕನೆಯದು ಸಿಮೆಂಟು ಬ್ಲಾಕಿನ ಗೋಡೆ. ಅದನ್ನು ಹಾಗೇ ಬಿಟ್ಟು ಬಣ್ಣ ಬಳಿದೆವು. ಜೂನ್ ಬಂತು, ಚಳಿ ಬಂತು. ಒಂದು ಬೆಳಿಗ್ಗೆ ಕೆಳಗಿಳಿದ ನಿಶಾ ಮೆಟ್ಟಿಲ ಬುಡದಿಂದಲೇ ಕೂಗಿದಳು: “ಅಮ್ಮಾ, ದ ವಾಲ್ ಈಸ್ ಕ್ರೈಯಿಂಗ್!”

ಗೋಡೆಯ ಮೇಲಿಂದ ಕೆಳಕ್ಕೆ ಹನಿಗಳು ಸಾಲಾಗಿ ಇಳಿಯುತ್ತಿದ್ದವು. ಕಾಲಡಿಗೆ ಸಣ್ಣ ಕೆರೆ.

ಆ ವರ್ಷಗಳಲ್ಲಿ ಮೆಲ್ಬರ್ನಿನಲ್ಲಿ ಬರ. ತೋಟಕ್ಕೆ ನೀರು ಬಿಡುವಂತಿಲ್ಲ, ಕಾರು ತೊಳೆಯುವಂತಿಲ್ಲ, ಸ್ನಾನದ ಶವರಿನ ಕೆಳಗೆ ಬಕೀಟು ಇಟ್ಟು ಆ ನೀರನ್ನು ಗುಲಾಬಿಗೆ ಹಾಕುವ ಕಾಲ. ಅಣೆಕಟ್ಟಿನ ಮಟ್ಟವನ್ನು ವಾರ್ತೆಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದರು. ಇಡೀ ಊರು ಆಕಾಶ ನೋಡುತ್ತಿರುವಾಗ ನಮ್ಮ ಗೋಡೆಯಲ್ಲಿ ಮಾತ್ರ ನೀರು! ಯೋಚನೆ ಮಾಡುವವರಾದರೆ ಅಲ್ಲೇ ಯೋಚಿಸಬೇಕಿತ್ತು, ಬರಗಾಲದಲ್ಲಿ ಇದು ಎಲ್ಲಿಂದ ಬಂತು ಎಂದು. ನಾವು ಯೋಚಿಸಲಿಲ್ಲ. ಯಾಕೆಂದರೆ ನಾವು ಕರಾವಳಿಯವರು. ನೀರಿನ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಷಾಢದಲ್ಲಿ ನೀರು ಹೊರಗಿನಿಂದ ಬರುತ್ತದೆ. ಮಾಡಿನಿಂದ ಸೋರುತ್ತದೆ, ನೆಲದಿಂದ ಒಸರುತ್ತದೆ, ಗೋಡೆಯಿಂದ ಜಿನುಗುತ್ತದೆ. ನೀರು ಎಂದರೆ ಹೊರಗಿನದ್ದು. ಮನುಷ್ಯರು ಒಳಗೆ.

“ಗುಡ್ಡದ ಒರತೆ. ನಾನು ಹೇಳಲಿಲ್ವಾ?” ಎಂದರು ಭಾವ, ಸುರಂಗಕ್ಕಿಂತ ಸ್ವಲ್ಪ ಮೊದಲು.

ದಿವಾಕರ್ ಹೊರಗೆ ಗುಡ್ಡದ ಪಕ್ಕ ಚರಂಡಿ ಅಗೆದರು, ಜಲ್ಲಿ ತುಂಬಿದರು. ಗೋಡೆಗೆ ನೀರು ತಡೆಯುವ ಬಣ್ಣ ಒಂದು ಕೈ ಬಳಿದರು, ಮತ್ತೊಂದು ಕೈ ಬಳಿದರು. ಗೋಡೆ ಆ ಬಣ್ಣದ ಮೇಲೆಯೇ ನಿರಾಳವಾಗಿ ಒದ್ದೆಯಾಯಿತು.

ಆಗ ಅಮ್ಮ ಕೆಲಸವನ್ನು ಕೈಗೆತ್ತಿಕೊಂಡಳು. ನಮ್ಮ ಊರಿನಲ್ಲಿ ಒದ್ದೆಗೆ ಇರುವ ಮದ್ದು ಒಂದೇ, ಒಲೆ. ಮಳೆಗಾಲ ಪೂರ್ತಿ ಬಚ್ಚಲ ಹಂಡೆಯ ಅಡಿಯ ಬೆಂಕಿ ಆರಬಾರದು. ಅದರ ಮೇಲೆಯೇ ಕಟ್ಟಿಗೆ ಒಣಗುತ್ತದೆ, ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ಒಣಗುತ್ತದೆ, ಗೋಡೆಯೂ ಒಣಗುತ್ತದೆ. ಅಮ್ಮ ಬಂದ ಹೊಸತರಲ್ಲೇ ಕುಚ್ಚಲಕ್ಕಿ ಬೇಯಿಸುವ ಕೆಲಸ ಮನೆಯಡಿಗೆ ಇಳಿದಿತ್ತು. ಆ ಅಕ್ಕಿ ಗಂಟೆಗಟ್ಟಲೆ ಕುದಿಯಬೇಕು, ಮೇಲಿನ ಅಡುಗೆಮನೆಯಲ್ಲಿ ಹೊಗೆಯ ಅಲಾರಂ ಕಿರುಚುತ್ತಿತ್ತು. ಪಿಕ್‌ನಿಕ್ಕಿಗೆ ಒಯ್ಯುವ ಗ್ಯಾಸ್ ಒಲೆಯೊಂದನ್ನು ಕೆಳಗಿಟ್ಟಿದ್ದೆವು. ಈಗ ಅಮ್ಮ ಆ ಒಲೆಗೆ ಗೋಡೆಯ ಜವಾಬ್ದಾರಿಯನ್ನೂ ಒಪ್ಪಿಸಿದಳು. ಅನ್ನ ಆದ ಮೇಲೆ ಸ್ನಾನಕ್ಕೆ ನೀರು, ಅದಾದ ಮೇಲೆ ಮೀನಿನ ಸಾರು, ಅದಾದ ಮೇಲೆ ಬರೀ ನೀರು. ಚಳಿ ಒಳಗೆ ಬಾರದಂತೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು. ಹೊರಗೆ ಒಣಗದ ಬಟ್ಟೆಗಳಿಗೆ ಅಲ್ಲೇ ಹಗ್ಗ ಕಟ್ಟಿಸಿದಳು. ದಿವಾಕರ್ ಸಹಾಯಕ್ಕೆಂದು ಒಂದು ಗ್ಯಾಸ್ ಹೀಟರನ್ನೂ ತಂದಿಟ್ಟರು. ಒಳಗೆ ಹೋದರೆ ಆಹಾ, ನಮ್ಮೂರಿನ ಬಚ್ಚಲಮನೆ. ಕನ್ನಡಕ ಕೂಡಲೇ ಮಂಜಾಗುತ್ತಿತ್ತು.

ಗೋಡೆ ಇನ್ನಷ್ಟು ಅತ್ತಿತು. ಮೂಲೆಯಲ್ಲಿ ಕಪ್ಪು ಬೂಷ್ಟು ಹೂವಿನ ಹಾಗೆ ಅರಳಿತು.

“ಬೆಂಕಿ ಸಾಲದು ಮಗಾ” ಎಂದಳು ಅಮ್ಮ.

ನಿಕ್ ಬರುವ ದಿನ ಬಟ್ಟೆ, ಒಲೆ, ಹೀಟರು ಎಲ್ಲವನ್ನೂ ಎತ್ತಿಟ್ಟು ಗೋಡೆಯನ್ನು ಟವೆಲಿನಿಂದ ಒರೆಸಿದ್ದೆವು. ಪರೀಕ್ಷೆಗೆ ಮೊದಲು ಮುಖ ತೊಳೆಸಿದ ಹಾಗೆ. ಅವನು ನೆಟ್ಟಗೆ ನಿಂತು ಎತ್ತರಕ್ಕೆ ತಲೆಯಾಡಿಸಿದ. ಗೋಡೆಗೆ ಅಂಗೈ ಇಟ್ಟು ತೆಗೆದು ನೋಡಿದ. ಬೂಷ್ಟನ್ನು ಉಗುರಿನಿಂದ ಕೆರೆದ. ಕೈ ಒರೆಸಿಕೊಳ್ಳುತ್ತ, ಬೇಸರದಿಂದಲೇ ಇರಬೇಕು, “ಸಾರಿ, ನಾಟ್ ಲೈಕ್ ದಿಸ್” ಎಂದ. ಒಣಗಿದ ಮೇಲೆ ಕರೆಯಿರಿ ಎಂದು ಹೋದ.

ನಾನು ಜೀವನದಲ್ಲಿ ಪರೀಕ್ಷೆಯಲ್ಲಿ ಫೇಲಾದವಳಲ್ಲ. ಆ ದಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಮ್ಮ ಮೇಲಿನಿಂದ ಎಲ್ಲ ನೋಡಿದ್ದಳು. ಸಂಜೆ ದಿವಾಕರ್ ಹತ್ತಿರ ಹೇಳಿದಳಂತೆ: “ಸೆಪ್ಟೆಂಬರಿಗೆ ಟಿಕೆಟ್ ನೋಡಿ. ಇನ್ನು ಇವಳು ಮಣ್ಣು ಹೊರುವುದು ನನಗೆ ನೋಡ್ಲಿಕ್ಕೆ ಆಗುದಿಲ್ಲ. ಅದಕ್ಕಾ ನಾನು ಇವಳನ್ನು ಓದಿಸಿದ್ದು?”

ದಿವಾಕರ್ ನನಗೆ ಹೇಳಿ, “ನನಗೂ ಸಾಕಾಯ್ತು ಸುಮತಿ” ಎಂದು ಸೇರಿಸಿದರು. ಯಾರ ಮೇಲೂ ಕೋಪವಿರಲಿಲ್ಲ. ಕೋಪಕ್ಕೆ ಬೇಕಾಗುವ ಶಕ್ತಿಯೂ ಇರಲಿಲ್ಲ.

ನಿಶಾಳ ಶಾಲೆಗೆ ಚಳಿಗಾಲದ ರಜೆ ಬಂದಾಗ ಮನೆಗೆ ಬೀಗ ಹಾಕಿ ನಾಲ್ವರೂ ಸಿಡ್ನಿಗೆ ಹೋದೆವು. ಭಾವನ ಮನೆಯಲ್ಲಿ ಖಾಲಿ ಕೋಣೆಯಿತ್ತು. ದೊಡ್ಡ ಕಿಟಕಿ, ಬೆಳಗಿನ ಬಿಸಿಲು. ಅಮ್ಮ ಅಲ್ಲಿ ಮಲಗಿದಳು, ಹಗಲಿಗೂ ಒಂದು ನಿದ್ದೆ ಮಾಡಿದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ನನಗೆ ಸಂತೋಷವೂ ಆಯಿತು, ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು. ಊಟಕ್ಕೆ ಕೂತಾಗ ಭಾವ ಹೇಳಿಯೇಬಿಟ್ಟರು.

“ಅಮ್ಮ ಇಲ್ಲೇ ಇರ್ಲಿ. ಕೋಣೆ ಖಾಲಿ ಉಂಟು. ಆ ಗುಹೆಯ ಆಸೆ ಬಿಡಿ.”

ಮನಸ್ಸಿನಿಂದ ಬಂದ ಮಾತೇ. ಅಮ್ಮ ಮಜ್ಜಿಗೆ ಕಲಸುತ್ತ ಹೇಳಿದಳು: “ನಿಮ್ಮ ಮನಸ್ಸು ದೊಡ್ಡದು. ಆದರೆ ಇಲ್ಲಿ ನಾನು ನೆಂಟಳು. ನೆಂಟರ ಮನೆಯಲ್ಲಿ ಎಷ್ಟು ದಿನ ಅಂತ ಒಳ್ಳೆಯವಳಾಗಿ ಇರ್ಲಿಕ್ಕೆ ಆಗ್ತದೆ? ಒಂದು ವಾರ ಆಗ್ತದೆ. ಆಮೇಲೆ ನನಗೆ ಬಯ್ಲಿಕ್ಕೆ ಮಗಳು ಬೇಕು.”

ಭಾವ ನಕ್ಕುಬಿಟ್ಟರು. ಅಕ್ಕ, ಅಂದರೆ ಅವರ ಹೆಂಡತಿ, ಇನ್ನೆರಡು ಹಪ್ಪಳ ತಂದು ಬಡಿಸಿದರು.

ಆ ವಾರ ಮೆಲ್ಬರ್ನಿನಲ್ಲಿ ಮಳೆ ಸುರಿಯಿತು. ವಾರ್ತೆಯಲ್ಲಿ ಜನ ರಸ್ತೆಯಲ್ಲಿ ನಿಂತು ನೆನೆಯುತ್ತ ನಗುತ್ತಿದ್ದುದನ್ನು ತೋರಿಸಿದರು. ನಾವು ಮಾತ್ರ ನಗಲಿಲ್ಲ. ಬರಗಾಲದಲ್ಲೇ ಅಷ್ಟು ಸುರಿಸಿದ ಗೋಡೆ ಈಗ ಏನು ಮಾಡಿರಬಹುದು! ಹಿಂತಿರುಗುವ ದಾರಿಯುದ್ದಕ್ಕೂ ದಿವಾಕರ್ ಕೋಣೆಯಿಂದ ನೀರು ಹೊರಹಾಕುವ ಪಂಪನ್ನು ಬಾಡಿಗೆಗೆ ಎಲ್ಲಿ ತರುವುದೆಂದು ಹೇಳುತ್ತ ಬಂದರು. ಮನೆ ಮುಟ್ಟಿದಾಗ ಹಿತ್ತಿಲಿನ ಬಕೀಟುಗಳು ತುಂಬಿ ತುಳುಕುತ್ತಿದ್ದವು. ಅಂಗಳದ ಮಣ್ಣು ಕಾಲು ಎಳೆಯುತ್ತಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಹಲಗೆ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟೆ.

ನೆಲ ಒಣಗಿತ್ತು. ಗೋಡೆಗೆ ಕೈ ಇಟ್ಟೆ. ಮಂಜುಗಡ್ಡೆಯಷ್ಟು ತಣ್ಣಗೆ, ಕಾಗದದಷ್ಟು ಒಣಗಿ.

ನಾನು ಆ ಖಾಲಿ ಕೋಣೆಯಲ್ಲಿ ಬಹಳ ಹೊತ್ತು ನಿಂತೆ. ಹೊರಗೆ ಬೇಕಾದಷ್ಟು ನೀರಿದೆ, ಒಳಗೆ ಒಂದು ಹನಿಯೂ ಬಂದಿಲ್ಲ. ಹಾಗಾದರೆ ಇಷ್ಟು ದಿನ ಗೋಡೆಯ ಮೇಲಿದ್ದದ್ದು ಯಾರ ನೀರು? ಕುಚ್ಚಲಕ್ಕಿಯದ್ದು. ಸ್ನಾನಕ್ಕೆ ಕಾಯಿಸಿದ್ದು. ನಮ್ಮ ಬಟ್ಟೆಗಳದ್ದು. ಉರಿಯುವ ಗ್ಯಾಸಿನಿಂದಲೂ ಆವಿ ಹೊರಡುತ್ತದೆ, ಅದೂ ಸೇರಿ. ಊರಿನ ಮನೆಯಲ್ಲಿ ಹಂಚಿನ ಸಂದಿಯಿಂದ ಆವಿಯೆಲ್ಲ ಆಕಾಶಕ್ಕೆ ಹೋಗುತ್ತಿತ್ತು, ಹಿಂದೆ ಉಳಿಯುತ್ತಿದ್ದದ್ದು ಬರೀ ಬಿಸಿ. ಇಲ್ಲಿ ಬಾಗಿಲಿಗೆ ಸೀರೆ ತುರುಕಿ, ಆವಿಯನ್ನು ಕೂಡಿಹಾಕಿ, ಚಳಿಗುಡ್ಡಕ್ಕೆ ಬೆನ್ನು ಕೊಟ್ಟ ಗೋಡೆಗೆ ಅದನ್ನು ನಾವೇ ಕುಡಿಸಿದ್ದೆವು. ನಾವು ಒಣಗಿಸಿದಷ್ಟೂ ಅದು ಒದ್ದೆಯಾಗಿತ್ತು. ಇಬ್ಬನಿ ಯಾವಾಗ ಕೂರುತ್ತದೆಂದು ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಓದಿದ್ದು ಒಂದು ಕೋಣೆಯಲ್ಲಿದ್ದರೆ ಬದುಕುವುದು ಇನ್ನೊಂದು ಕೋಣೆಯಲ್ಲಿ ನಡೆಯುತ್ತಿರುತ್ತದೆ. ನಡುವೆ ಮೆಟ್ಟಿಲಿದೆ ಎಂಬುದು ನೆನಪಿಗೆ ಬರುವಷ್ಟರಲ್ಲಿ ಚರಂಡಿ ಅಗೆದು ಆಗಿರುತ್ತದೆ.

ದಿವಾಕರ್ ಅವರಿಗೆ ಹೇಳಿದೆ. ಅವರು ಚರಂಡಿಯ ಕಡೆ ನೋಡಿದರು, ಬಣ್ಣದ ಡಬ್ಬಿಗಳ ಕಡೆ ನೋಡಿದರು. “ಈಗ ಇದನ್ನು ಅತ್ತೆಗೆ ಹೇಳುವವರು ಯಾರು?” ಎಂದರು.

ಅದೇ ನಿಜವಾದ ಕಷ್ಟ. ಆ ತಿಂಗಳುಗಳಲ್ಲಿ ಅಮ್ಮ ಈ ಮನೆಯಲ್ಲಿ ತನ್ನದೆಂದು ಮಾಡಿದ ಕೆಲಸ ಅದೊಂದೇ, ಒಲೆ ಉರಿಸಿ ಗೋಡೆ ಕಾಯುವುದು. ನಿನ್ನ ಒಲೆಯಿಂದಲೇ ಕೋಣೆ ಕೆಟ್ಟಿತು ಎಂದರೆ ಅವಳು ಸೆಪ್ಟೆಂಬರಿಗೂ ಕಾಯುವುದಿಲ್ಲ.

ಮರುದಿನ ಬೆಳಿಗ್ಗೆ ಫ್ರಿಜ್ಜಿನಿಂದ ನೀರು ತುಂಬಿದ ಸ್ಟೀಲ್ ಚೊಂಬನ್ನು ತಂದು ಕುದಿಯುವ ಅನ್ನದ ಪಾತ್ರೆಯ ಪಕ್ಕ ಇಟ್ಟೆ. ಅಮ್ಮ ಎಂದಿನಂತೆ ಕೆಳಗಿನ ಕೋಣೆಯಲ್ಲಿ ಒಲೆಯೆದುರು ಕೂತಿದ್ದಳು. ನಾವಿಬ್ಬರೂ ನೋಡುತ್ತಿರುವಂತೆಯೇ ಚೊಂಬು ಮಂಜಾಯಿತು, ಹನಿಗಟ್ಟಿತು, ಹನಿ ಜಾರಿತು.

“ಎಂತ ಇದು, ಚೊಂಬು ಬೆವರುದು ನಾನು ನೋಡ್ಲಿಲ್ಲ ಅಂತಲಾ?” ಎಂದಳು ಅಮ್ಮ.

“ನೀರು ಚೊಂಬಿನ ಒಳಗಿಂದ ಬಂತಾ ಅಮ್ಮ?”

“ಒಳಗಿಂದ ಹೇಗೆ ಬರ್ತದೆ? ತೂತು ಉಂಟಾ ಅದಕ್ಕೆ?” ಹೇಳುತ್ತಲೇ ಅವಳ ಕಣ್ಣು ಪಾತ್ರೆಯ ಆವಿಯ ಕಡೆ ಹೋಯಿತು. ಅಲ್ಲಿಂದ ಗೋಡೆಯ ಕಡೆ. ನಿನ್ನೆ ಒಣಗಿದ್ದ ಗೋಡೆಯ ಮೇಲೆ ಆಗಲೇ ಮಂಜು ಕೂರುತ್ತಿತ್ತು.

ಅಮ್ಮ ಒಲೆಯ ಕಿವಿ ತಿರುಗಿಸಿ ಆರಿಸಿದಳು.

“ಇದು ನಿನಗೆ ಮೊದಲೇ ಗೊತ್ತಿತ್ತಾ?”

“ಓದಿದ್ದೆ.”

“ಓದಿದವಳು ಬಾಯಿ ಬಿಟ್ಟು ಹೇಳ್ಳಿಕ್ಕೆ ಎಂತ ದಾಡಿ? ಆ ಬಡಪಾಯಿ ನಿನ್ನ ಗಂಡ ಗುಡ್ಡ ಅಗೆದು ಅಗೆದು ಕಡ್ಡಿ ಆದ.” ಸೆರಗಿನಿಂದ ಮುಖ ಒರೆಸಿಕೊಂಡು, ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು. “ನಾನು ದಿನಾಲೂ ಗೋಡೆಗೆ ಗಂಜಿ ಹಾಕಿದ್ದಾ? ಥೂ! ಎತ್ತು ಪಾತ್ರೆ, ಮೇಲೆ ನಡಿ.”

ಅವಳು ನಕ್ಕದ್ದನ್ನು ನೋಡಿ ನನಗೆ ಅಳು ಬಂತು. ಆವಿಯ ನೆವ ಹೇಳಿ ಕನ್ನಡಕ ಒರೆಸಿಕೊಂಡೆ.

ಆಮೇಲಿನದ್ದು ಸಾಧಾರಣ ಕೆಲಸ. ಸಾಧಾರಣ ಎಂದರೆ ಇನ್ನೊಂದಿಷ್ಟು ಶನಿವಾರಗಳು. ಬೂಷ್ಟು ತೊಳೆದು, ಬ್ಲಾಕಿನ ಗೋಡೆಗೆ ಚೌಕಟ್ಟು ಕಟ್ಟಿ, ನಡುವೆ ಕಂಬಳಿಯ ಹಾಗೆ ದಪ್ಪನೆಯ ಉಣ್ಣೆಪದರ ತುಂಬಿ, ಮೇಲೆ ಹಲಗೆ ಬಡಿದೆವು. ಗೋಡೆಗೂ ಸ್ವೆಟರ್ ತೊಡಿಸಿದಿರಾ ಎಂದಳು ಅಮ್ಮ. ಗಾಳಿ ಹೊರಗೆ ತಳ್ಳುವ ಫ್ಯಾನು ಕೂತಿತು. ಹೀಟರು ಹೋಗಿ ಕರೆಂಟಿನದ್ದು ಬಂತು. ಕುಚ್ಚಲಕ್ಕಿ ಮೇಲಿನ ಅಡುಗೆಮನೆಗೆ ಏರಿತು. ಕಿಟಕಿ ತೆರೆದಿಟ್ಟು ಬೇಯಿಸುವುದು, ಅಲಾರಂ ಕಿರುಚಿದರೆ ನಿಶಾ ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಹಾಕುವುದು. ಭಾವನಿಗೆ ಸುದ್ದಿ ಮುಟ್ಟಿಸಿದಾಗ ಆ ಕಡೆ ಮೌನ. ಸುರಂಗವೋ ಎಂದುಕೊಂಡೆ. ಅಲ್ಲ, ಯೋಚಿಸುತ್ತಿದ್ದರು. “ಒರತೆ ಇಲ್ಲದಿದ್ದದ್ದು ನಿಮ್ಮ ಅದೃಷ್ಟ” ಎಂದರು ಕಡೆಗೆ. ದಿವಾಕರ್ ಅಗೆದ ಚರಂಡಿ ಈಗಲೂ ಇದೆ. ಅದರಲ್ಲಿ ನೀರು ಹರಿದದ್ದನ್ನು ನಾನು ನೋಡಿಲ್ಲ. ಬಸಳೆ ಚೆನ್ನಾಗಿ ಹಬ್ಬಿದೆ.

ಸೆಪ್ಟೆಂಬರಿನಲ್ಲಿ, ಇಲ್ಲಿಯ ವಸಂತ ಶುರುವಾಗುವ ಹೊತ್ತಿಗೆ ನಿಕ್‌ನನ್ನು ಮತ್ತೆ ಕರೆದೆವು. ಬೆಳಿಗ್ಗೆಯಿಂದ ನಾಲ್ವರಲ್ಲಿ ಯಾರೂ ಸರಿಯಾಗಿ ತಿಂಡಿ ತಿನ್ನಲಿಲ್ಲ. ಟಿಕೆಟಿನ ವಿಷಯವನ್ನು ಯಾರೂ ಎತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಅವನು ಮೂಲೆ ಮೂಲೆಗೂ ಕೈ ಇಟ್ಟ. ಒಂದು ಸಣ್ಣ ಯಂತ್ರವನ್ನು ಗೋಡೆಗೆ ಒತ್ತಿ ಹಿಡಿದು ಅದು ಹೇಳಿದ್ದನ್ನು ಓದಿಕೊಂಡ. ಫ್ಯಾನು ಹಾಕಿ ನೋಡಿದ, ಕಿಟಕಿ ತೆರೆದು ನೋಡಿದ. ನಾನು ಕೈಕಟ್ಟಿ ನಿಂತಿದ್ದೆ, ವೈವಾದಲ್ಲಿ ನಿಂತ ಹಾಗೆ. ಆಮೇಲೆ ತಲೆಯಾಡಿಸಿ, “ಲವ್ಲಿ ಲಿಟ್ಲ್ ರೂಮ್” ಎಂದ.

ಕೆಲವು ದಿನ ಬಿಟ್ಟು ಸರ್ಟಿಫಿಕೇಟ್ ಹಿಡಿದುಕೊಂಡು ಅವನೇ ಬಂದ. ಅಂಚೆಗೆ ಹಾಕಬಹುದಿತ್ತು, ಈ ಕಡೆ ಬರುವುದಿತ್ತು ಎಂದ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಅಭ್ಯಾಸ, ಬಿಡುವುದಿಲ್ಲ. ನಮ್ಮ ಮನೆಯವರೆಲ್ಲ ಕೆಳಗಿಳಿದೆವು. ಅಮ್ಮ ಹೊಸ ಮಂಚದ ತುದಿಯಲ್ಲಿ ಕೂತಿದ್ದಳು. ಕಿಟಕಿಯ ಹೊರಗೆ ಹಿತ್ತಿಲು, ಬಿಸಿಲು. ಈ ಕೋಣೆ ಮನುಷ್ಯರ ವಾಸಕ್ಕೆ ತಕ್ಕದ್ದಾಗಿದೆ ಎಂದು ನಾನು ಒಂದೊಂದೇ ಸಾಲನ್ನು ನಮ್ಮ ಮನೆಮಾತು ತುಳುವಿಗೆ ತಿರುಗಿಸಿ ಓದಿ ಹೇಳಿದೆ. ದಿವಾಕರ್ ಗೋಡೆಗೆ ಒರಗಿ ನಿಂತರು. ನಿಶಾ ಅಜ್ಜಿಯ ಪಕ್ಕ ಮಂಚದಲ್ಲಿ ಉರುಳಿ ಮೆತ್ತೆ ಒತ್ತಿ ನೋಡಿದಳು. ಯಾರಿಗೂ ಅಲ್ಲಿಂದ ಹೊರಡುವ ಮನಸ್ಸಿರಲಿಲ್ಲ. ಅಮ್ಮ ಕಾಗದವನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಮೆತ್ತೆಯ ಅಡಿಗೆ ಸೇರಿಸಿ, ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡಳು.

“ಓದಿ ಆಯ್ತಲ್ಲ ಮಗಾ? ಇನ್ನು ಎಲ್ಲರೂ ಮೇಲೆ ಹೋಗಿ. ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ.”